14 ಪುಸ್ತಕದ ಫ್ಯಾಂಟಸಿ ಸರಣಿಗೆ ಕೈ ಹಾಕುವ ಮುಂಚೆ

"ಯಾವ ಫ್ಯಾಂಟಸಿ ಸರಣಿ ಓದಲಿ, ಯಾವುದನ್ನು ಬಿಡಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. (ಫ್ಯಾಂಟಸಿ ಅಂದರೆ ಮಂತ್ರ, ಡ್ರ್ಯಾಗನ್ ಇರುವ ಕಲ್ಪನೆಯ ಲೋಕದ ಕಥೆ.) ಕೇಳುವವರು ಎರಡು ಥರ. ಒಬ್ಬರು 'ಗೇಮ್ ಆಫ್ ಥ್ರೋನ್ಸ್' ಟಿವಿಯಲ್ಲಿ ನೋಡಿ, ಅಂಥದ್ದೇ ಏನಾದರೂ ಓದಬೇಕು ಅಂದುಕೊಂಡವರು. ಇನ್ನೊಬ್ಬರು ಯಾವುದೋ ದಪ್ಪ ಸರಣಿಯ ಎಂಟನೇ ಪುಸ್ತಕದಲ್ಲಿ ಸಿಕ್ಕಿಹಾಕಿಕೊಂಡು, ಮುಂದೆ ಹೋಗಲೂ ಆಗದೆ ಬಿಡಲೂ ಮನಸ್ಸಿಲ್ಲದೆ ಕೂತವರು. ಇಬ್ಬರಿಗೂ ಸೇರಿಸಿ ಒಂದೇ ಸಲ ಬರೆದುಬಿಡುತ್ತೇನೆ.

ಎಲ್ಲರೂ ಕೇಳುವುದು "ಚೆನ್ನಾಗಿದೆಯಾ?" ಅಂತ. ನನ್ನ ಪ್ರಕಾರ ಅದಕ್ಕಿಂತ ಮುಂಚೆ ಕೇಳಬೇಕಾದ್ದು "ಮಧ್ಯೆ ಇಳಿಯೋಕೆ ಸ್ಟಾಪ್ ಇದೆಯಾ?" ಅಂತ. ಕೆಲವು ಸರಣಿಗಳು ತಡೆರಹಿತ ಬಸ್ಸಿನ ಹಾಗೆ. ಹತ್ತಿದರೆ ಕೊನೆಯ ಊರಿನಲ್ಲೇ ಇಳಿಯಬೇಕು. ಕೆಲವದರಲ್ಲಿ ಮೂರು ಪುಸ್ತಕಕ್ಕೊಮ್ಮೆ ಇಳಿದು ಟೀ ಕುಡಿದು, ಬೇಕಾದರೆ ಮತ್ತೆ ಹತ್ತಬಹುದು. ಇನ್ನು ಕೆಲವು ಘಾಟಿಯ ಮಧ್ಯೆ ಕೆಟ್ಟು ನಿಂತಿವೆ, ಡ್ರೈವರ್ ಯಾವಾಗ ಬರುತ್ತಾನೋ ಗೊತ್ತಿಲ್ಲ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಚಿಕ್ಕ ನೋಟ್‌ಬುಕ್, ಫೋನಿನಲ್ಲಿ ಯಾವುದಾದರೂ ಇ-ಬುಕ್ ಆ್ಯಪ್, ದಿನಕ್ಕೆ ಒಂದು ಗಂಟೆ ಬಿಡುವು. ಸರಣಿಯನ್ನು ಇನ್ನೂ ಕೊಂಡಿಲ್ಲ ತಾನೇ? ಕೊಳ್ಳಬೇಡಿ. ಅದು ಐದನೇ ಹಂತ.

ಹಂತ 1: ಲೆಕ್ಕ ಹಾಕಿ

ನಿಮ್ಮ ಓದಿನ ವೇಗ ಗೊತ್ತಿರಲಿ. ಕನ್ನಡ ಮೀಡಿಯಂನಲ್ಲಿ ಓದಿದ ನನ್ನಂಥವರು ಇಂಗ್ಲಿಷ್ ಕಾದಂಬರಿಯನ್ನು ನಿಮಿಷಕ್ಕೆ 200 ಪದದ ಹತ್ತಿರ ಓದುತ್ತೇವೆ ಅಂತ ಇಟ್ಟುಕೊಳ್ಳಿ. ಯಾವುದಾದರೂ ಪುಸ್ತಕದ ಐದು ಪುಟ ಓದಿ ಗಡಿಯಾರ ನೋಡಿದರೆ ನಿಮ್ಮದು ಗೊತ್ತಾಗುತ್ತದೆ.

ಈಗ ಗುಣಾಕಾರ. ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಸುಮಾರು 56 ಸಾವಿರ ಪದ. ಐದು ಗಂಟೆಯೊಳಗೆ ಮುಗಿಯುತ್ತದೆ, ಒಂದು ಭಾನುವಾರ ಸಾಕು. ಟೋಲ್ಕಿನ್‌ರ 'ದಿ ಲಾರ್ಡ್ ಆಫ್ ದ ರಿಂಗ್ಸ್' ಮೂರೂ ಸಂಪುಟ ಸೇರಿ ಸುಮಾರು 4.8 ಲಕ್ಷ ಪದ, ಅಂದರೆ 40 ಗಂಟೆ. ಸ್ಟೀವನ್ ಎರಿಕ್ಸನ್‌ರ 'ಮಲಾಝನ್' ಸರಣಿಯ 10 ಪುಸ್ತಕ ಸುಮಾರು 33 ಲಕ್ಷ ಪದ. ರಾಬರ್ಟ್ ಜೋರ್ಡನ್‌ರ 'ದಿ ವೀಲ್ ಆಫ್ ಟೈಮ್' 14 ಪುಸ್ತಕ, ಸುಮಾರು 44 ಲಕ್ಷ ಪದ. ದಿನಕ್ಕೊಂದು ಗಂಟೆಯಂತೆ ಒಂದು ದಿನವೂ ತಪ್ಪಿಸದೆ ಓದಿದರೆ ಪೂರಾ ಒಂದು ವರ್ಷ. ಯುಗಾದಿಗೆ ಶುರು ಮಾಡಿದರೆ ಮುಂದಿನ ಯುಗಾದಿಗೆ ಮುಗಿಯುತ್ತದೆ, ಮಧ್ಯೆ ಇನ್ನೊಂದು ಪುಸ್ತಕ ಮುಟ್ಟುವ ಹಾಗಿಲ್ಲ.

ಹೆದರಿಸುತ್ತಿಲ್ಲ. ಗೊತ್ತಿದ್ದು ಹತ್ತಿ ಅಂತ ಅಷ್ಟೇ.

ಹಂತ 2: ಮುಗಿದಿದೆಯಾ ನೋಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಅಂಗಡಿಯಲ್ಲಿ ಐದು ಪುಸ್ತಕ ಸಾಲಾಗಿ ಇರುತ್ತವೆ, ಬಾಕ್ಸ್ ಸೆಟ್ ಇರುತ್ತದೆ, ನೋಡಿದರೆ ಮುಗಿದ ಕಥೆಯ ಹಾಗೇ ಕಾಣುತ್ತದೆ.

ಜಾರ್ಜ್ ಆರ್.ಆರ್. ಮಾರ್ಟಿನ್‌ರ 'ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್' ಶುರುವಾಗಿದ್ದು 1996ರಲ್ಲಿ. ಮೊದಲ ಪುಸ್ತಕವೇ 'ಎ ಗೇಮ್ ಆಫ್ ಥ್ರೋನ್ಸ್'. ಲೇಖಕರ ಯೋಜನೆ ಏಳು ಪುಸ್ತಕ. ಐದನೆಯದು 2011ರಲ್ಲಿ ಬಂತು. ನಾನು ಇದನ್ನು ಬರೆಯುವ ಹೊತ್ತಿಗೂ ಆರನೆಯದು ಬಂದಿಲ್ಲ. ಟಿವಿ ಧಾರಾವಾಹಿ ಅದೇ 2011ರಲ್ಲಿ ಶುರುವಾಗಿ 2019ರಲ್ಲಿ ತನ್ನದೇ ಕೊನೆ ಮಾಡಿಕೊಂಡು ಹೋಯಿತು. ಹಾಗಾದರೆ ಓದಬೇಡವೇ? ಮೊದಲ ಮೂರನ್ನು ಓದಿ. ಮೂರನೆಯದಾದ 'ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್' ಇಡೀ ಫ್ಯಾಂಟಸಿ ಲೋಕದಲ್ಲೇ ಅತಿ ಬಿಗಿಯಾದ ಪುಸ್ತಕಗಳಲ್ಲಿ ಒಂದು. ಅಲ್ಲಿ ಒಂದು ಯುದ್ಧದ ಕಥೆ ಒಂದು ಹದಕ್ಕೆ ಬಂದು ನಿಲ್ಲುತ್ತದೆ. ಇಳಿಯೋಕೆ ಇರುವ ಸ್ಟಾಪ್ ಅದೇ.

ಮುಂದೆ ಹೋಗುವವರಿಗೆ ಒಂದು ಎಚ್ಚರಿಕೆ. ನಾಲ್ಕನೇ ಮತ್ತು ಐದನೇ ಪುಸ್ತಕಗಳನ್ನು ಹಂಚಿರುವುದು ಪಾತ್ರ ಮತ್ತು ಜಾಗದ ಪ್ರಕಾರ. ಎರಡರ ಕಥೆಯೂ ಬಹುಪಾಲು ಒಂದೇ ಕಾಲದಲ್ಲಿ ನಡೆಯುತ್ತದೆ. ನಾಲ್ಕನೆಯದರಲ್ಲಿ ಮುಖ್ಯ ಪಾತ್ರಗಳಾದ ಟಿರಿಯನ್ ಇಲ್ಲ, ಡನೇರಿಸ್ ಇಲ್ಲ. "ಇವರೆಲ್ಲ ಎಲ್ಲಿ ಹೋದ್ರು?" ಅಂತ ಗಾಬರಿಯಾಗಬೇಡಿ, ಐದನೆಯದರಲ್ಲಿ ಸಿಗುತ್ತಾರೆ.

ಪ್ಯಾಟ್ರಿಕ್ ರಾಥ್‌ಫಸ್‌ರ 'ದಿ ನೇಮ್ ಆಫ್ ದ ವಿಂಡ್' (2007) ಇನ್ನೂ ಕಷ್ಟದ ಕೇಸು. ಕಥಾನಾಯಕ ಒಂದು ಹೋಟೆಲಿನಲ್ಲಿ ಕೂತು, ನನ್ನ ಬದುಕಿನ ಕಥೆಯನ್ನು ಮೂರು ದಿನದಲ್ಲಿ ಹೇಳುತ್ತೇನೆ ಅನ್ನುತ್ತಾನೆ. ಒಂದು ದಿನಕ್ಕೆ ಒಂದು ಪುಸ್ತಕ. ಎರಡನೇ ದಿನ 2011ರಲ್ಲಿ ಬಂತು. ಮೂರನೇ ದಿನ ಇನ್ನೂ ಬೆಳಗಾಗಿಲ್ಲ. ಎರಡು ದಿನ ಅವನು ಕಟ್ಟಿದ ಗಂಟುಗಳೆಲ್ಲ ಬಿಚ್ಚಬೇಕಾಗಿರುವುದು ಆ ಮೂರನೇ ದಿನವೇ. ಭಾಷೆ ಸೊಗಸಾಗಿದೆ, ಒಪ್ಪುತ್ತೇನೆ. ಆದರೂ ನನ್ನ ಸಲಹೆ: ಮೂರನೆಯದು ಕೈಗೆ ಬರುವ ತನಕ ಮುಟ್ಟಬೇಡಿ.

'ವೀಲ್ ಆಫ್ ಟೈಮ್' ಮುಗಿದಿದೆ, ಆದರೆ ಶುರು ಮಾಡಿದವರ ಕೈಯಲ್ಲಿ ಅಲ್ಲ. ಮೊದಲ ಪುಸ್ತಕ 1990ರಲ್ಲಿ ಬಂತು. 11 ಪುಸ್ತಕ ಮತ್ತು ಒಂದು ಪೂರ್ವಕಥೆ ಬರೆದು ಜೋರ್ಡನ್ 2007ರಲ್ಲಿ ತೀರಿಕೊಂಡರು. ಅವರ ಸಂಪಾದಕಿಯೂ ಆಗಿದ್ದ ಹೆಂಡತಿ ಹ್ಯಾರಿಯೆಟ್ ಮ್ಯಾಕ್‌ಡುಗಲ್, ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಯುವ ಲೇಖಕರನ್ನು ಆರಿಸಿದರು. ಜೋರ್ಡನ್ ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಅವರು ಬರೆದ ಕೊನೆಯ ಭಾಗ ಮೂರು ಪುಸ್ತಕವಾಗಿ ಬೆಳೆದು 2013ರ ಜನವರಿಯಲ್ಲಿ ಮುಗಿಯಿತು. "ಬೇರೆಯವರು ಮುಗಿಸಿದ್ದು ಓದೋದಾ?" ಅಂತ ಮೂಗು ಮುರಿಯುವವರಿದ್ದಾರೆ. ನಮಗೆ ಇದು ಹೊಸದೇನಲ್ಲ. ಕುಮಾರವ್ಯಾಸ ಭಾರತದ ಹತ್ತು ಪರ್ವ ಬರೆದು ನಿಲ್ಲಿಸಿದ, ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಮುಗಿಸಿದ. ತಿಮ್ಮಣ್ಣನನ್ನು ಇವತ್ತು ಎಷ್ಟು ಜನ ಓದುತ್ತಾರೆ ಅನ್ನುವುದು ಬೇರೆ ಮಾತು! ಸ್ಯಾಂಡರ್ಸನ್ ಆ ವಿಷಯದಲ್ಲಿ ಅದೃಷ್ಟವಂತ. ಕೊನೆಯ ಮೂರು ಪುಸ್ತಕ ಅದಕ್ಕೂ ಹಿಂದಿನ ಕೆಲವಕ್ಕಿಂತ ಚುರುಕಾಗಿವೆ.

ಹಂತ 3: ಚಿಕ್ಕದರಲ್ಲಿ ಕೈ ಪಳಗಿಸಿ

ಫ್ಯಾಂಟಸಿ ನಿಮಗೆ ಹೊಸದಾದರೆ ನೇರವಾಗಿ ದೊಡ್ಡದಕ್ಕೆ ಹೋಗಬೇಡಿ. ನಾನು ಎಲ್ಲರಿಗೂ ಮೊದಲು ಕೊಡುವುದು ಅರ್ಥ್‌ಸೀ. 1968ರಲ್ಲಿ ಬಂದ ಪುಸ್ತಕ. ಇಂಗ್ಲಿಷ್ ಸರಳ, ವಾಕ್ಯ ಚಿಕ್ಕದು, ಆದರೆ ಒಂದು ಪದವನ್ನೂ ತೆಗೆಯೋಕೆ ಆಗುವುದಿಲ್ಲ.

ಅಲ್ಲಿ ಮಂತ್ರ ಅಂದರೆ ಹೆಸರು. ಕಲ್ಲಿಗೆ, ಗಿಡುಗಕ್ಕೆ, ಗಾಳಿಗೆ, ಮನುಷ್ಯನಿಗೆ ಎಲ್ಲಕ್ಕೂ ಒಂದು ನಿಜವಾದ ಹೆಸರಿದೆ. ಅದು ಗೊತ್ತಾದವರಿಗೆ ಅದರ ಮೇಲೆ ಹಿಡಿತ. ಹಾಗಾಗಿ ಯಾರೂ ತಮ್ಮ ನಿಜ ಹೆಸರನ್ನು ಬಾಯಿಬಿಡುವುದಿಲ್ಲ, ಕರೆಯೋಕೆ ಬೇರೆ ಹೆಸರು ಇಟ್ಟುಕೊಂಡಿರುತ್ತಾರೆ. ಗೆಡ್ ಎಂಬ ಹುಡುಗ ಮಂತ್ರದ ಶಾಲೆಯಲ್ಲಿ ಜೊತೆಯವನ ಮೇಲೆ ಜಿದ್ದಿಗೆ ಬಿದ್ದು, ಸತ್ತವಳ ಆತ್ಮವನ್ನು ಕರೆಯುತ್ತಾನೆ. ಅವಳ ಹಿಂದೆಯೇ ಒಂದು ನೆರಳೂ ನುಗ್ಗಿ ಬಂದು ಅವನ ಮುಖವನ್ನು ಹರಿದುಹಾಕುತ್ತದೆ. ಆ ನೆರಳಿಗೆ ಹೆಸರಿಲ್ಲ. ಉಳಿದ ಕಥೆಯೆಲ್ಲ ಅದರಿಂದ ಓಡುವುದು, ಆಮೇಲೆ ತಿರುಗಿ ನಿಂತು ಅದನ್ನೇ ಅಟ್ಟುವುದು. ಇಷ್ಟು ಓದಿ "ಸರಿ, ಆಮೇಲೆ?" ಅನ್ನಿಸಿದರೆ ಫ್ಯಾಂಟಸಿ ನಿಮಗೆ ಒಗ್ಗುತ್ತದೆ. ಅನ್ನಿಸದಿದ್ದರೆ ಹೋಗಿದ್ದು ಒಂದು ಭಾನುವಾರ.

ಅರ್ಥ್‌ಸೀ ಒಟ್ಟು ಆರು ಪುಸ್ತಕ, ಪ್ರತಿಯೊಂದೂ ಚಿಕ್ಕದು. ಮೂರರ ನಂತರ ಸ್ಟಾಪ್ ಇದೆ. ನಾಲ್ಕನೆಯ 'ತೆಹಾನು' ಬಂದಿದ್ದು 1990ರಲ್ಲಿ, ಮೂರನೆಯದಾದ 18 ವರ್ಷಕ್ಕೆ. ಮಂತ್ರವಾದಿಗಳ ಸಾಹಸ ನಿಂತು, ನಡುವಯಸ್ಸಿನ ಒಬ್ಬ ವಿಧವೆಯ ಅಡುಗೆಮನೆಗೆ ಕಥೆ ಬರುತ್ತದೆ. ಹಳೆಯ ಓದುಗರಲ್ಲಿ ಕೆಲವರಿಗೆ ಸಿಟ್ಟು ಬಂತು. ನನಗೆ ಆರರಲ್ಲಿ ಅದೇ ಹೆಚ್ಚು ಇಷ್ಟ. ಆದರೆ 20ರ ವಯಸ್ಸಿನಲ್ಲಿ ಓದಿದ್ದರೆ ಇಷ್ಟವಾಗುತ್ತಿತ್ತೋ ಇಲ್ಲವೋ.

ಓಟ ಬೇಕು, ತಿರುವು ಬೇಕು ಅನ್ನುವವರಿಗೆ ಸ್ಯಾಂಡರ್ಸನ್‌ರ 'ಮಿಸ್ಟ್‌ಬಾರ್ನ್' ಮೊದಲ ಮೂರು ಪುಸ್ತಕ (2006ರಿಂದ 2008). ಇಲ್ಲಿ 'ಮ್ಯಾಜಿಕ್ ಸಿಸ್ಟಮ್' ಅನ್ನುವ ಮಾತು ಬರುತ್ತದೆ. ಮಂತ್ರಕ್ಕೂ ವ್ಯಾಕರಣ ಇರುವುದು, ಅಂದರೆ ಯಾವುದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬ ನಿಯಮ. ಮಿಸ್ಟ್‌ಬಾರ್ನ್‌ನಲ್ಲಿ ಲೋಹದ ಚೂರು ನುಂಗಿ ಅದನ್ನು ಹೊಟ್ಟೆಯೊಳಗೆ 'ಉರಿಸುತ್ತಾರೆ'. ಉಕ್ಕು ಉರಿಸಿದರೆ ಸುತ್ತಲಿನ ಲೋಹವನ್ನು ತಳ್ಳಬಹುದು, ಕಬ್ಬಿಣ ಉರಿಸಿದರೆ ಎಳೆಯಬಹುದು. ನೆಲಕ್ಕೆ ಒಂದು ನಾಣ್ಯ ಎಸೆದು, ಅದನ್ನು ತಳ್ಳಿ, ತಾನೇ ಮೇಲಕ್ಕೆ ಹಾರುವುದು. ಭಾಷೆಯಲ್ಲಿ ಕಾವ್ಯ ಹುಡುಕಬೇಡಿ, ಸಿಗಲ್ಲ. ಡಿಕ್ಷನರಿ ಮುಟ್ಟದೆ ಓದಬಹುದು, ಅದೇ ಇದರ ಗುಣ.

ಅದೇ ಲೇಖಕರ 'ಸ್ಟಾರ್ಮ್‌ಲೈಟ್' ಸರಣಿ 10 ಪುಸ್ತಕದ ಯೋಜನೆ. ಐದನೆಯದು 2024ರ ಡಿಸೆಂಬರಿನಲ್ಲಿ ಬಂದು ಮೊದಲರ್ಧದ ಕಥೆ ಮುಗಿದಿದೆ. ಮಿಸ್ಟ್‌ಬಾರ್ನ್ ಹಿಡಿಸಿದರೆ ಮಾತ್ರ ಆ ಕಡೆ ಹೋಗಿ.

ಹಂತ 4: ನಿಮ್ಮ ಬಸ್ಸು ಆರಿಸಿ

*ಪಾತ್ರ ಮುಖ್ಯ ಅನ್ನುವವರಿಗೆ* ರಾಬಿನ್ ಹಾಬ್. ನನ್ನ ಕೇಳಿದರೆ ದೊಡ್ಡ ಸರಣಿಗಳಲ್ಲಿ ಮೊದಲ ಸ್ಥಾನ ಇದಕ್ಕೆ. 1995ರಿಂದ 2017ರವರೆಗೆ 16 ಪುಸ್ತಕ, ಐದು ಗುಂಪು, ಪ್ರತಿ ಗುಂಪಿನ ಕೊನೆಗೂ ಸ್ಟಾಪ್. ಮೊದಲನೆಯದು 'ಅಸ್ಯಾಸಿನ್ಸ್ ಅಪ್ರೆಂಟಿಸ್'. ರಾಜಕುಮಾರನೊಬ್ಬನಿಗೆ ಮದುವೆಯಾಚೆ ಹುಟ್ಟಿದ ಆರು ವರ್ಷದ ಹುಡುಗನನ್ನು ಅವನ ತಾತ ಕೋಟೆಯ ಬಾಗಿಲಿಗೆ ತಂದು, ಇನ್ನು ನಾನು ಸಾಕಲಾರೆ ಅಂತ ಸಿಪಾಯಿಯ ಕೈಗೆ ಕೊಟ್ಟು ಹೋಗುತ್ತಾನೆ. ಕುದುರೆ ಲಾಯ ನೋಡಿಕೊಳ್ಳುವವನಿಗೆ ಮಗುವನ್ನು ಏನು ಮಾಡಬೇಕೋ ತೋಚುವುದಿಲ್ಲ. ಲಾಯದಲ್ಲಿ ನಾಯಿಯ ಪಕ್ಕ ಮಲಗಿಸುತ್ತಾನೆ. ಆ ಮಗುವಿಗೆ ಹೆಸರೂ ಇಲ್ಲ. ಯುದ್ಧ, ಡ್ರ್ಯಾಗನ್ ಎಲ್ಲ ಆಮೇಲೆ. ಮೊದಲು ಆ ಹುಡುಗ ಮನಸ್ಸಿಗೆ ಇಳಿಯುತ್ತಾನೆ.

ಇಲ್ಲಿ ಜನ ಮಾಡುವ ತಪ್ಪು ಒಂದೇ. ಮೊದಲ ಮೂರು ಮುಗಿದ ಮೇಲೆ ಆ ಹುಡುಗನ ಕಥೆಯೇ ಬೇಕು ಅಂತ, ಹಡಗುಗಳ ಬಗ್ಗೆ ಇರುವ ಮುಂದಿನ ಮೂರನ್ನು ('ಲೈವ್‌ಶಿಪ್ ಟ್ರೇಡರ್ಸ್') ಹಾರಿಸಿಬಿಡುತ್ತಾರೆ. ಹಾರಿಸಬೇಡಿ. ಒಂದು ಮನೆತನದ ಮೂರು ತಲೆಮಾರು ತನ್ನ ಮೇಲೆ ಪ್ರಾಣ ಬಿಟ್ಟ ಮೇಲೆ ಜೀವ ಪಡೆದು ಮಾತಾಡುವ ಹಡಗು, ಆ ಹಡಗಿಗಾಗಿ ಮಾಡಿದ ಸಾಲ, ಸಾಲ ತೀರಿಸಲಾಗದ ಮನೆ. ಆಸ್ತಿ ಜಗಳ ನೋಡಿ ಬೆಳೆದ ನಮ್ಮವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಮಾತು ಮಾತ್ರ: ಹಾಬ್ ತನ್ನ ಪಾತ್ರಗಳಿಗೆ ದಯೆ ತೋರಿಸುವುದಿಲ್ಲ. ಮನಸ್ಸು ಭಾರವಾಗಿದ್ದಾಗ ಶುರು ಮಾಡಬೇಡಿ.

*ನಗು ಬೇಕು ಅನ್ನುವವರಿಗೆ* ಟೆರ್ರಿ ಪ್ರ್ಯಾಚೆಟ್‌ರ 'ಡಿಸ್ಕ್‌ವರ್ಲ್ಡ್'. 41 ಕಾದಂಬರಿ ಅಂತ ಕೇಳಿ ಓಡಬೇಡಿ, ಹೆಚ್ಚಿನವು ಒಂದೊಂದೇ ಪೂರ್ತಿ ಕಥೆ. ಮೊದಲು ಬಂದದ್ದರಿಂದ (1983) ಶುರು ಮಾಡುವುದು ಇಲ್ಲಿನ ದೊಡ್ಡ ತಪ್ಪು. ಆಗ ಲೇಖಕರಿಗೇ ಹದ ಸಿಕ್ಕಿರಲಿಲ್ಲ. 'ಗಾರ್ಡ್ಸ್! ಗಾರ್ಡ್ಸ್!' (1989) ಹಿಡಿಯಿರಿ. ಆ ಊರಿನಲ್ಲಿ ಕಳ್ಳರಿಗೂ ಸಂಘವಿದೆ, ಲೈಸೆನ್ಸ್ ಇದೆ. ಹೊಸದಾಗಿ ಪೊಲೀಸ್ ಆಗಿ ಬಂದ ಹುಡುಗ ಕಾನೂನು ಪುಸ್ತಕ ಓದಿಕೊಂಡು, ಕಳ್ಳತನ ಅಪರಾಧ ಅಂತ ಸಂಘದ ಅಧ್ಯಕ್ಷರನ್ನೇ ಹಿಡಿದು ತರುತ್ತಾನೆ. ಅದೇ ಎಳೆಯ ಮುಂದಿನ ಪುಸ್ತಕದಲ್ಲಿ ಪೊಲೀಸ್ ಅಧಿಕಾರಿಯ ಬೂಟಿನ ಲೆಕ್ಕ ಬರುತ್ತದೆ. ಒಳ್ಳೆಯ ಬೂಟು 50 ಡಾಲರ್, ಹತ್ತು ವರ್ಷ ಬಾಳುತ್ತದೆ. ಸಾಧಾರಣದ್ದು 10 ಡಾಲರ್, ಒಂದೆರಡು ಋತುವಿಗೇ ಸೋರುತ್ತದೆ. ಬಡವ ಹತ್ತು ವರ್ಷದಲ್ಲಿ 100 ಡಾಲರ್ ಸುರಿದರೂ ಕಾಲು ಒದ್ದೆಯೇ. ಹೀಗೆ ನಗಿಸುತ್ತಲೇ ಚುಚ್ಚುವ ಬರವಣಿಗೆ. ಆದರೆ ಶಬ್ದಚೇಷ್ಟೆ ಜಾಸ್ತಿ. ಇಂಗ್ಲಿಷ್ ಓದು ಸ್ವಲ್ಪ ಪಳಗಿದ ಮೇಲೆ ರುಚಿ ಹೆಚ್ಚು.

*ಸವಾಲು ಬೇಕು ಅನ್ನುವವರಿಗೆ* ಮಲಾಝನ್. ಪೂರಾ ತಡೆರಹಿತ. ಮೊದಲ ಪುಸ್ತಕ 'ಗಾರ್ಡನ್ಸ್ ಆಫ್ ದ ಮೂನ್' (1999) ಯಾವುದನ್ನೂ ವಿವರಿಸುವುದಿಲ್ಲ. ಊರಿಗೆ ಹೊಸಬರು ಮದುವೆ ಮನೆಗೆ ನುಗ್ಗಿದ ಹಾಗಿರುತ್ತದೆ. ಯಾರು ಯಾರ ಕಡೆಯವರು ಅಂತ ತಿಳಿಯುವಷ್ಟರಲ್ಲಿ ಊಟ ಮುಗಿದಿರುತ್ತದೆ. ಎರಡನೆಯದರಲ್ಲಿ ಖಂಡವೇ ಬೇರೆ, ಜನರೂ ಬಹುತೇಕ ಬೇರೆ. ಆದರೆ ಆ ಎರಡನೆಯದೇ ('ಡೆಡ್‌ಹೌಸ್ ಗೇಟ್ಸ್') ನಿಜವಾದ ಪರೀಕ್ಷೆ. ಅದು ಮುಗಿದ ಮೇಲೂ ಹಿಡಿಸದಿದ್ದರೆ ಧೈರ್ಯವಾಗಿ ಬಿಡಿ.

*ವೀಲ್ ಆಫ್ ಟೈಮ್ ಓದಲೇಬೇಕು ಅನ್ನುವವರಿಗೆ.* ಓದುಗರು 'ಸ್ಲಾಗ್' ಅನ್ನುವ ಭಾಗ ಇದರಲ್ಲಿದೆ. ಕೆಸರು ಗದ್ದೆಯಲ್ಲಿ ಕಾಲೆಳೆದುಕೊಂಡು ಹೋಗುವ ಭಾಗ ಅಂತ ಅರ್ಥ. ಮುಖ್ಯವಾಗಿ 8, 9, 10ನೇ ಪುಸ್ತಕಗಳು. ಹತ್ತನೆಯದರಲ್ಲಿ (2003) ಬಹಳಷ್ಟು ಪುಟ ಹೋಗುವುದು, ಒಂಬತ್ತನೆಯದರ ಕೊನೆಯಲ್ಲಿ ನಡೆದ ಘಟನೆಯನ್ನು ದೂರದಿಂದ ನೋಡಿ ಬೇರೆ ಬೇರೆಯವರು ಬೆರಗಾಗುವುದರಲ್ಲಿ. ಅಪಹರಣವಾದ ಹೆಂಡತಿಯನ್ನು ಪೆರಿನ್ ಹುಡುಕುವ ಎಳೆಯನ್ನೂ ಇಲೇನ್‌ಳ ಸಿಂಹಾಸನದ ಎಳೆಯನ್ನೂ ಕಣ್ಣಾಡಿಸಿ ಮುಂದೆ ಹೋಗಿ, ಏನೂ ನಷ್ಟವಿಲ್ಲ. ಒಂಬತ್ತನೆಯದರ ಕೊನೆಯನ್ನು ಮಾತ್ರ ಒಂದಕ್ಷರ ಬಿಡದೆ ಓದಿ. ನೈನೀವ್ ಎಂಬ ನಾಯಕಿ ಸಿಟ್ಟಿನಲ್ಲಿ ಎಷ್ಟು ಸಲ ಜಡೆ ಎಳೆದುಕೊಂಡಳು ಅಂತ ಲೆಕ್ಕ ಇಡಬೇಡಿ, ನೋಟ್‌ಬುಕ್ ಮುಗಿದುಹೋಗುತ್ತದೆ.

*ಬಿಡಬಹುದಾದ್ದು.* ಟೆರ್ರಿ ಗುಡ್‌ಕೈಂಡ್‌ರ 'ಸ್ವೋರ್ಡ್ ಆಫ್ ಟ್ರೂತ್'. 1994ರಿಂದ 2007ರವರೆಗೆ 11 ಪುಸ್ತಕ, ಆಮೇಲೂ ಬೆಳೆಯಿತು. ಮೊದಲನೆಯದು ಓಡಿಸಿಕೊಂಡು ಹೋಗುತ್ತದೆ. ಹೋಗ್ತಾ ಹೋಗ್ತಾ ಕಥೆ ನಿಂತು ಭಾಷಣ ಶುರುವಾಗುತ್ತದೆ, ನಾಯಕ ಪುಟಗಟ್ಟಲೆ ಉಪದೇಶ ಮಾಡುತ್ತಾನೆ. ಹೆಣ್ಣಿನ ಮೇಲಿನ ಹಿಂಸೆಯ ವಿವರ ಬೇಕಾದ್ದಕ್ಕಿಂತ ಜಾಸ್ತಿ. ಐದನೇ ಪುಸ್ತಕದಲ್ಲಿ ಒಂದು ದುಷ್ಟ ಕೋಳಿ ಬರುತ್ತದೆ. ತಮಾಷೆಗಲ್ಲ, ಲೇಖಕರು ಗಂಭೀರವಾಗಿಯೇ ಬರೆದಿದ್ದಾರೆ. 'ಶನ್ನಾರ' ಸರಣಿಯ ಮೊದಲ ಪುಸ್ತಕ (1977) ಟೋಲ್ಕಿನ್ ಓದಿದವರಿಗೆ ಎಲ್ಲೋ ಕೇಳಿದ ಹಾಗೇ ಇರುತ್ತದೆ. ಅದನ್ನೂ ಬಿಡಿ.

ಹಂತ 5: ಕೊಳ್ಳುವುದು

ಬಾಕ್ಸ್ ಸೆಟ್ ಬೇಡ. ಮೊದಲು ಆ್ಯಪ್‌ನಲ್ಲಿ ಸ್ಯಾಂಪಲ್ ಇಳಿಸಿಕೊಳ್ಳಿ, ಸುಮ್ನೆ ಸಿಗುತ್ತದೆ. ಅದು ಮುಗಿದ ಮೇಲೂ ಕೈ ತಾನಾಗಿ ಪುಟ ತಿರುಗಿಸಲು ಹೋದರೆ ಒಂದೇ ಒಂದು ಪುಸ್ತಕ ಕೊಳ್ಳಿ.

ನಮ್ಮಲ್ಲಿ ಸಿಗುವ ಪ್ರತಿಗಳು ಹೆಚ್ಚಾಗಿ ಬ್ರಿಟಿಷ್ ಆವೃತ್ತಿ. ಅವುಗಳಲ್ಲಿ ದಪ್ಪ ಪುಸ್ತಕವನ್ನು ಪೇಪರ್‌ಬ್ಯಾಕ್‌ಗೆ ಎರಡು ಭಾಗ ಮಾಡಿ ಮಾರುವುದುಂಟು. ಮಾರ್ಟಿನ್‌ರ ಮೂರನೆಯದೂ ಐದನೆಯದೂ ಹೀಗೆ ಎರಡೆರಡಾಗಿವೆ, ಸ್ಟಾರ್ಮ್‌ಲೈಟ್ ಪುಸ್ತಕಗಳೂ ಅಷ್ಟೇ. ಮುಖಪುಟದ ಮೂಲೆಯಲ್ಲಿ 'ಪಾರ್ಟ್ ಟೂ' ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ನಾನೊಮ್ಮೆ ಅದನ್ನು ನೋಡದೆ ತಂದು, ಕಥೆಯ ನಡುವಿನಿಂದ ಓದಲು ಶುರು ಮಾಡಿ, ಲೇಖಕರು ಎಷ್ಟು ಧೈರ್ಯವಾಗಿ ಆರಂಭಿಸಿದ್ದಾರೆ ಅಂತ 40 ಪುಟದವರೆಗೆ ಮೆಚ್ಚಿಕೊಂಡಿದ್ದೆ.

ಹಳೆ ಪುಸ್ತಕದ ಅಂಗಡಿಯಲ್ಲಿ ಮೂರನೆಯದು, ಏಳನೆಯದು ಸಲೀಸಾಗಿ ಸಿಗುತ್ತವೆ. ಮೊದಲನೆಯದು ಸಿಗುವುದು ಅಪರೂಪ. ಅಗ್ಗ ಅಂತ ಏಳನೆಯದನ್ನು ತಂದಿಟ್ಟುಕೊಂಡರೆ, ಅದು ಅಲ್ಲಿ ಕೂತು ನಿಮ್ಮನ್ನೇ ದಿಟ್ಟಿಸುತ್ತಿರುತ್ತದೆ ಅಷ್ಟೇ.

ಹಂತ 6: ಓದುವಾಗ

ಹೆಸರು ನೆನಪಿರುವುದಿಲ್ಲ, ಯಾರಿಗೂ ಇರುವುದಿಲ್ಲ. ನೋಟ್‌ಬುಕ್ ಇರುವುದು ಅದಕ್ಕೇ. ಪಾತ್ರದ ಹೆಸರನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಒಮ್ಮೆ ನಮ್ಮ ಅಕ್ಷರಕ್ಕೆ ಇಳಿಸಿದರೆ ನಾಲಿಗೆಗೂ ಹತ್ತುತ್ತದೆ. ಪಕ್ಕದಲ್ಲಿ ಮೂರೇ ಪದ: 'ಕುದುರೆ ಲಾಯದವನು, ಕೋಪಿಷ್ಠ'. ಮಲಾಝನ್‌ನ ಮೊದಲ ಪುಟಗಳಲ್ಲೇ ಪಾತ್ರಗಳ ಪಟ್ಟಿ ಇದೆ, ಅಲ್ಲಿಗೆ ಒಂದು ರಿಬ್ಬನ್ ಸಿಕ್ಕಿಸಿ.

ಗೂಗಲ್ ಮಾಡಬೇಡಿ. 'ಸ್ಪಾಯ್ಲರ್' ಅಂದರೆ ಮುಂದಿನ ಗುಟ್ಟು ಮೊದಲೇ ರಟ್ಟಾಗುವುದು. ಪಾತ್ರದ ಹೆಸರು ಅರ್ಧ ಟೈಪ್ ಮಾಡುವಷ್ಟರಲ್ಲೇ, ಅವನು ಹೇಗೆ ಸತ್ತ ಅನ್ನುವ ಪ್ರಶ್ನೆ ತಾನಾಗಿ ಕೆಳಗೆ ಬಂದು ಕೂರುತ್ತದೆ. ಸಾಯುತ್ತಾನೆ ಅಂತ ಅಲ್ಲಿಗೆ ಗೊತ್ತಾಯ್ತಲ್ಲ!

ಹಾಡು, ವಂಶಾವಳಿ, ನಕ್ಷೆ ಹಾರಿಸಬಹುದಾ? ಟೋಲ್ಕಿನ್‌ನಲ್ಲಿ ಮೊದಲ ಓದಿಗೆ ಹಾಡು ಹಾರಿಸಿ, ಪರವಾಗಿಲ್ಲ. ನಕ್ಷೆಯನ್ನು ಮಾತ್ರ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಇನ್ನು ಬಿಡುವ ವಿಷಯ. ಮೊದಲ ಪುಸ್ತಕಕ್ಕೆ 100 ಪುಟದ ಅವಕಾಶ ಕೊಡಿ. ಮಲಾಝನ್‌ಗೆ ಮಾತ್ರ ಆ ಲೆಕ್ಕ ಬೇಡ. ಐದಾರು ಪುಸ್ತಕ ಓದಿದ ಮೇಲೆ ಬೇಸರ ಬಂದರೆ, "ಇಷ್ಟು ಓದಿದ್ದೀನಲ್ಲ" ಅನ್ನುವುದನ್ನು ಕಾರಣ ಮಾಡಿಕೊಳ್ಳಬೇಡಿ. ಬಿಡುವ ದಿನ ಅರ್ಧ ಪುಟ ಬರೆದಿಡಿ: ಯಾರು ಎಲ್ಲಿದ್ದಾರೆ, ಯಾರಿಗೆ ಯಾರ ಮೇಲೆ ಸಿಟ್ಟು, ಯಾವ ಗುಟ್ಟು ಇನ್ನೂ ಬಯಲಾಗಿಲ್ಲ. ಆ ಚೀಟಿಯನ್ನು ಅದೇ ಪುಟದಲ್ಲಿಟ್ಟು ಮುಚ್ಚಿ. ನನ್ನ ವೀಲ್ ಆಫ್ ಟೈಮ್ ಒಂಬತ್ತನೇ ಪುಸ್ತಕದಲ್ಲಿ ಅಂಥ ಒಂದು ಚೀಟಿ ಎರಡು ವರ್ಷ ಇತ್ತು. ತೆಗೆದು ನೋಡಿದಾಗ ಕೊನೆಯ ಸಾಲಿನಲ್ಲಿ "ಪೆರಿನ್ ಇನ್ನೂ ಹುಡುಕ್ತಿದ್ದಾನೆ" ಅಂತಿತ್ತು. ಹತ್ತನೆಯದು ತೆರೆದೆ. ಇನ್ನೂ ಹುಡುಕುತ್ತಲೇ ಇದ್ದ.